ಸಂಧಾನ ಕಲಿಸುವವರಿಗೆ ಕಲಿಸುವವರಾರು?

ಕಾನೂನು ಕಾಲೇಜೊಂದರಲ್ಲಿ ಎರಡು ವರ್ಷಗಳಿಂದ ಪಾಠ ಹೇಳುತ್ತಿರುವ ಯುವತಿಯೊಬ್ಬರು ಕೆಲವು ತಿಂಗಳ ಹಿಂದೆ ನಮ್ಮನ್ನು ಕಾಣಲು ಬಂದಿದ್ದರು. ತಂದೆ ಸಣ್ಣ ವ್ಯಾಪಾರಿ. ಆ ಮನೆಯಲ್ಲಿ ಕಾನೂನು ಓದಿದವರಲ್ಲಿ ಆಕೆಯೇ ಮೊದಲಿಗರು. ಎಲ್‌ಎಲ್‌ಎಂ ಮುಗಿಸಿ, ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಆಕೆಯ ಪಾಲಿಗೆ ಬಂದುದು ‘ಪರ್ಯಾಯ ವ್ಯಾಜ್ಯ ಪರಿಹಾರ’ ಎಂಬ ವಿಷಯ. ಹಿರಿಯ ಅಧ್ಯಾಪಕರು ಸಂವಿಧಾನ, ಅಪರಾಧ ಕಾನೂನು, ಕರಾರು ಕಾನೂನುಗಳನ್ನು ತಮ್ಮೊಳಗೆ ಹಂಚಿಕೊಂಡ ಬಳಿಕ ಮೇಜಿನ ಮೇಲೆ ಉಳಿದಿದ್ದುದು ಅದೊಂದೇ. ಜೊತೆಗೆ ಹಿಂದಿನವರು ಬಿಟ್ಟುಹೋಗಿದ್ದ ಹಳೆಯ ಟಿಪ್ಪಣಿಯ ಕಟ್ಟು.

“ಕಲಂ 89 ಏನು ಹೇಳುತ್ತದೆಂದು ವಿವರಿಸಿದೆ. ತೀರ್ಪುಗಳ ಹೆಸರು ಬರೆಸಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ಮೇಡಂ, ಗಂಡ ಸಿಟ್ಟಿನಿಂದ ಕುರ್ಚಿ ತಳ್ಳಿ ಹೊರಟುಬಿಟ್ಟರೆ ಮಧ್ಯಸ್ಥರು ಏನು ಮಾಡುತ್ತಾರೆ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ ಸರ್. ನಾನು ಒಂದೇ ಒಂದು ಮಧ್ಯಸ್ಥಿಕೆಯನ್ನೂ ಕಣ್ಣಾರೆ ಕಂಡವಳಲ್ಲ. ಕಾಣದ್ದನ್ನು ಹೇಗೆ ಕಲಿಸಲಿ?”

ಇದು ಒಬ್ಬರ ವೈಯಕ್ತಿಕ ಅಳಲು ಎಂದೇ ನಾವು ಮೊದಲು ಭಾವಿಸಿದ್ದೆವು. ಬಳಿಕ ಬೇರೆ ಊರುಗಳ ಮೂವರು ನಾಲ್ವರು ಯುವ ಅಧ್ಯಾಪಕರನ್ನು ವಿಚಾರಿಸಿದಾಗ ಎಲ್ಲರಿಂದಲೂ ಬಂದುದು ಹೆಚ್ಚುಕಡಿಮೆ ಇದೇ ಮಾತು. ದೇಶದ ನ್ಯಾಯಾಲಯಗಳಲ್ಲಿ ಕೋಟಿಗಟ್ಟಲೆ ಮೊಕದ್ದಮೆಗಳು ಕೊಳೆಯುತ್ತಿರುವಾಗ, ಸಂಧಾನವೇ ದಾರಿ ಎಂದು ಮಂತ್ರಿಗಳಿಂದ ಹಿಡಿದು ಮುಖ್ಯ ನ್ಯಾಯಮೂರ್ತಿಗಳ ವರೆಗೆ ಎಲ್ಲರೂ ಭಾಷಣ ಮಾಡುತ್ತಿರುವಾಗ, ಆ ವಿದ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸಬೇಕಾದವರು ಹೀಗೆ ಒಂಟಿಯಾಗಿ ನಿಂತಿದ್ದಾರೆ. ಇದನ್ನು ಕುರಿತು ಚರ್ಚೆಯೇ ನಡೆಯುತ್ತಿಲ್ಲ ಎಂಬುದು ನಮ್ಮ ಆತಂಕ.

ವಿಷಯ ಹೊಸದೇನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರಲ್ಲಿ ತಿದ್ದುಪಡಿ ತಂದು, ಮೊಕದ್ದಮೆಗಳನ್ನು ನ್ಯಾಯಾಲಯದ ಹೊರಗೆ ಇತ್ಯರ್ಥಪಡಿಸಿಕೊಳ್ಳಲು ಕಳುಹಿಸಬಹುದೆಂಬ 89ನೇ ಕಲಮನ್ನು ಸೇರಿಸಲಾಯಿತು. ಅದು ಜಾರಿಗೆ ಬಂದುದು 2002ರ ಜುಲೈ 1ರಂದು. ಸೇಲಂ ವಕೀಲರ ಸಂಘ ಆ ತಿದ್ದುಪಡಿಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ, ನ್ಯಾಯಾಲಯ ಅವುಗಳನ್ನು ಎತ್ತಿಹಿಡಿದು, ಜಾರಿಗೊಳಿಸುವ ವಿಧಾನವನ್ನು ರೂಪಿಸಲು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. 2005ರಲ್ಲಿ ಚೆನ್ನೈಯಲ್ಲಿಯೂ 2007ರಲ್ಲಿ ಬೆಂಗಳೂರಿನಲ್ಲಿಯೂ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕಾ ಕೇಂದ್ರಗಳು ತೆರೆದವು. ಮಧ್ಯಸ್ಥರಾಗಬೇಕಾದವರಿಗೆ 40 ಗಂಟೆಗಳ ತರಬೇತಿ ಎಂಬ ಕ್ರಮವೂ ಬಂತು. ಅತ್ತ ಭಾರತೀಯ ವಕೀಲರ ಪರಿಷತ್ತು 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಇದನ್ನು ಕಡ್ಡಾಯ ಪ್ರಾಯೋಗಿಕ ವಿಷಯವನ್ನಾಗಿ ಇರಿಸಿತು. 2020ರಲ್ಲಿ ಮಧ್ಯಸ್ಥಿಕೆ ಹಾಗೂ ರಾಜಿ ಸಂಧಾನವನ್ನು ಪ್ರತ್ಯೇಕ ಕಡ್ಡಾಯ ವಿಷಯವಾಗಿಯೇ ಕಲಿಸಬೇಕೆಂದು ಸುತ್ತೋಲೆ ಕಳುಹಿಸಿತು. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗಾಗಿಯೇ ಒಂದು ಕಾಯ್ದೆಯನ್ನು ಅಂಗೀಕರಿಸಿತು.

ಕಾಯ್ದೆ, ಕೇಂದ್ರ, ಪಠ್ಯಕ್ರಮ ಎಲ್ಲವೂ ಬಂದವು. ಅಧ್ಯಾಪಕ ಎಲ್ಲಿಂದ ಬರುತ್ತಾನೆ ಎಂದು ಯಾರೂ ಕೇಳಲಿಲ್ಲ.

ಕೇಳಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. 2008ರ ಆ ನಿಯಮಗಳನ್ನು ರಚಿಸಿದವರಿಗೆ ಈ ಪ್ರಶ್ನೆ ಹೊಳೆದಿತ್ತು. ಈ ವಿಷಯವನ್ನು ಹಿರಿಯ ವಕೀಲರೇ ಕಲಿಸಬೇಕು, ಅಣಕು ಸಂಧಾನ ಮತ್ತು ನೈಜ ಪ್ರಕರಣಗಳ ಮೂಲಕ ಕಲಿಸಬೇಕು ಎಂದು ಅವರು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಆದರೆ ನಮ್ಮ ಕಾಲೇಜುಗಳಲ್ಲಿ ನಡೆಯುತ್ತಿರುವುದೇನು? ಹಿರಿಯ ವಕೀಲರು ವರ್ಷಕ್ಕೊಮ್ಮೆ ಅತಿಥಿಗಳಾಗಿ ಬಂದು ತಮ್ಮ ಯೌವನದ ಮೊಕದ್ದಮೆಗಳನ್ನು ನೆನಪಿಸಿಕೊಂಡು ಹೋಗುತ್ತಾರೆ. ಉಳಿದ ದಿನಗಳ ಹೊರೆ ಎಲ್ಲರಿಗಿಂತ ಕಿರಿಯ, ಎಲ್ಲರಿಗಿಂತ ಕಡಿಮೆ ಸಂಬಳದ, ಮುಂದಿನ ವರ್ಷ ಕೆಲಸವಿರುವುದೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನ ಹೆಗಲಿಗೆ ಬೀಳುತ್ತದೆ. ನಿಯಮವು ಹಿರಿಯನಿಗೆ ವಹಿಸಿದ್ದನ್ನು ವ್ಯವಸ್ಥೆ ಕಿರಿಯನಿಗೆ ದಾಟಿಸಿದೆ, ಹಿರಿಯನ ಅನುಭವವನ್ನು ಮಾತ್ರ ದಾಟಿಸಲಿಲ್ಲ.

ಬೇರೆ ವಿಷಯಗಳ ಯುವ ಅಧ್ಯಾಪಕರೂ ಹೀಗೆಯೇ ತಡವರಿಸುತ್ತಾರಲ್ಲವೇ, ಓದಿ ಕಲಿತುಕೊಳ್ಳುವುದಿಲ್ಲವೇ ಎಂದು ಓದುಗರು ಕೇಳಬಹುದು. ಇಲ್ಲಿಯೇ ಈ ವಿದ್ಯೆಯ ವಿಶೇಷವಿದೆ. ಅಪರಾಧ ಕಾನೂನು ಕಲಿಸುವವನು ಯಾವ ದಿನ ಬೇಕಾದರೂ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಸಾಕ್ಷಿಯ ಪಾಟೀಸವಾಲನ್ನು ಕೇಳಬಹುದು, ತೀರ್ಪನ್ನು ತಂದು ತರಗತಿಯಲ್ಲಿ ಓದಬಹುದು. ಮಧ್ಯಸ್ಥಿಕೆಯ ಕೋಣೆಗೆ ಆ ಅವಕಾಶವಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಬರಕೂಡದು. 2010ರಲ್ಲಿ ಮೋತಿರಾಮ್ ಮತ್ತು ಅಶೋಕ್ ಕುಮಾರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಧ್ಯಸ್ಥಿಕೆ ಫಲಿಸದಿದ್ದರೆ ‘ಫಲಿಸಲಿಲ್ಲ’ ಎಂಬುದಷ್ಟನ್ನೇ ಮಧ್ಯಸ್ಥರು ನ್ಯಾಯಾಲಯಕ್ಕೆ ತಿಳಿಸಬೇಕು, ಯಾರು ಏನು ಹೇಳಿದರೆಂದು ಬರೆಯಬಾರದು ಎಂದು ಹೇಳಿದೆ. 2023ರ ಕಾಯ್ದೆಯೂ ಗೋಪ್ಯತೆಯನ್ನು ಕಟ್ಟುನಿಟ್ಟಾಗಿ ಕಾಪಾಡುತ್ತದೆ. ಇದು ಸರಿಯೇ. ತನ್ನ ಮಾತು ನಾಳೆ ಊರಿನ ಬಾಯಿಗೆ ಬೀಳುತ್ತದೆ ಎಂದರೆ ಯಾವ ಹೆಣ್ಣು, ಯಾವ ಗಂಡು ಅಲ್ಲಿ ಬಾಯಿ ಬಿಟ್ಟಾರು?

ಆದರೆ ಅದರ ಪರಿಣಾಮವನ್ನು ಗಮನಿಸಿರಿ. ಸೋತ ಸಂಧಾನ ಮೊಕದ್ದಮೆಯಾಗಿ ಮುಂದುವರಿದು ತೀರ್ಪಾಗುತ್ತದೆ, ಕಾನೂನು ವರದಿಗಳಲ್ಲಿ ಅಚ್ಚಾಗುತ್ತದೆ. ಗೆದ್ದ ಸಂಧಾನ ಒಂದು ಪುಟದ ಒಪ್ಪಂದವಾಗಿ ಕಡತದಲ್ಲಿ ಮಲಗುತ್ತದೆ. ಅಣ್ಣ ತಮ್ಮಂದಿರು ಹೇಗೆ ಒಪ್ಪಿದರು, ಯಾವ ಮಾತಿಗೆ ಯಾರ ಕಣ್ಣು ತುಂಬಿತು, ಮಧ್ಯಸ್ಥರು ಎಲ್ಲಿ ಮೌನವಾಗಿದ್ದರು ಎಂಬುದು ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಆ ಜ್ಞಾನವಿರುವುದು ಹತ್ತಿಪ್ಪತ್ತು ವರ್ಷ ಆ ಕೋಣೆಯಲ್ಲಿ ಕುಳಿತ ಕೆಲವು ವ್ಯಕ್ತಿಗಳ ತಲೆಯಲ್ಲಿ ಮಾತ್ರ. ಅವರು ಯಾರನ್ನೂ ಜೊತೆಗೆ ಕೂರಿಸಿಕೊಳ್ಳದಿದ್ದರೆ ಅದು ಅವರೊಂದಿಗೇ ಮುಗಿಯುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಪೂರ್ಣಾವಧಿ ಸಂಬಳದ ಅಧ್ಯಾಪಕ ವಕೀಲಿ ನಡೆಸುವಂತಿಲ್ಲ. ವಕೀಲನಾಗಿದ್ದುಕೊಂಡು ಪಾಠ ಹೇಳುವವನು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹೇಳುವಂತಿಲ್ಲ ಎಂದು 1979ರ ನಿಯಮ. ಹೀಗಾಗಿ ಕೋಣೆಯನ್ನು ಬಲ್ಲವನಿಗೆ ತರಗತಿಗೆ ಸಮಯವಿಲ್ಲ, ತರಗತಿಯಲ್ಲಿರುವವನಿಗೆ ಕೋಣೆಗೆ ಪ್ರವೇಶವಿಲ್ಲ. ಈ ಎರಡರ ನಡುವೆ ಸೇತುವೆಯಾಗಬಲ್ಲುದು ಹಿರಿಯನೊಬ್ಬ ಕಿರಿಯನ ಕೈಹಿಡಿಯುವ ಪದ್ಧತಿಯೊಂದೇ.

ಪುಸ್ತಕವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 89ನೇ ಕಲಮೇ ಸಾಕ್ಷಿ. ಆ ಕಲಮಿನಲ್ಲಿ ‘ಮಧ್ಯಸ್ಥಿಕೆ’ ಮತ್ತು ‘ನ್ಯಾಯಿಕ ಇತ್ಯರ್ಥ’ ಎಂಬ ಎರಡು ಪದಗಳ ವಿವರಣೆಗಳು ಕರಡು ಬರೆದವರ ಕೈತಪ್ಪಿನಿಂದ ಅದಲುಬದಲಾಗಿದ್ದವು. ಒಂದಕ್ಕೆ ಬರೆಯಬೇಕಾದುದನ್ನು ಇನ್ನೊಂದಕ್ಕೆ ಬರೆಯಲಾಗಿತ್ತು. ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದ್ದು 2010ರ ಆಫ್‌ಕಾನ್ಸ್ ತೀರ್ಪಿನಲ್ಲಿ. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಕಲಂ ಜಾರಿಗೆ ಬಂದು ಆಗ ಎಂಟು ವರ್ಷಗಳಾಗಿದ್ದವು. ಅಷ್ಟು ಕಾಲ ಅಚ್ಚಾದ ಅಕ್ಷರವನ್ನಷ್ಟೇ ಓದಿ ಪಾಠ ಹೇಳಿದವರು ತಲೆಕೆಳಗಾದ ಅರ್ಥವನ್ನೇ ಶ್ರದ್ಧೆಯಿಂದ ಹೇಳಿರಬೇಕು. ಅನುಭವಿಯೊಬ್ಬರ ಪಕ್ಕದಲ್ಲಿ ಕುಳಿತವನಿಗೆ ಆ ತಪ್ಪು ಮೊದಲ ವಾರವೇ ತಿಳಿಯುತ್ತಿತ್ತು. ಪಡೆದ ಟಿಪ್ಪಣಿಯ ಕಟ್ಟನ್ನು ತೆರೆದಾಗ ಅದರಲ್ಲಿ ಆಫ್‌ಕಾನ್ಸ್ ಹೆಸರೇ ಇರಲಿಲ್ಲ ಎಂದು ನಮ್ಮ ಆ ಯುವತಿ ಹೇಳಿದಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಮೆರಿಕದಲ್ಲಿ ಈ ವಿದ್ಯೆ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ ಬಗೆ ನಮಗೆ ಪಾಠವಾಗಬಲ್ಲುದು. ಹಾರ್ವರ್ಡಿನ ಫ್ರಾಂಕ್ ಸ್ಯಾಂಡರ್ ಅವರನ್ನು ಈ ಕ್ಷೇತ್ರದ ಪಿತಾಮಹರೆಂದು ಕರೆಯುತ್ತಾರೆ. ಆದರೆ ಅವರು ಮೂಲತಃ ಕುಟುಂಬ ಕಾನೂನು ಮತ್ತು ತೆರಿಗೆ ಕಾನೂನಿನ ಅಧ್ಯಾಪಕರಾಗಿದ್ದವರು. 1975ರಲ್ಲಿ ರಜೆಯ ಮೇಲೆ ಸ್ವೀಡನ್ನಿನಲ್ಲಿದ್ದಾಗ, ಮನೆಜಗಳಗಳಿಗೆ ನ್ಯಾಯಾಲಯವೊಂದೇ ದಾರಿಯೇ ಎಂಬ ಸಂದೇಹವನ್ನು ಬರೆದು ಸಹೋದ್ಯೋಗಿಗಳಿಗೆ ಕಳುಹಿಸಿದರು. ಅದು ಕೈಯಿಂದ ಕೈಗೆ ದಾಟಿ, 1976ರಲ್ಲಿ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಕರೆದಿದ್ದ ಪೌಂಡ್ ಸಮ್ಮೇಳನದಲ್ಲಿ ಮಾತನಾಡುವ ಆಹ್ವಾನವಾಯಿತು. ಜಗಳಕ್ಕೆ ತಕ್ಕ ಬಾಗಿಲು ತೋರಿಸುವ, ಅನೇಕ ಬಾಗಿಲುಗಳ ನ್ಯಾಯಾಲಯದ ಕಲ್ಪನೆ ಹುಟ್ಟಿದ್ದು ಅಲ್ಲಿ. ಆ ಹೆಸರು ಕೂಡ ಅವರದ್ದಲ್ಲ, ವಕೀಲರ ಪತ್ರಿಕೆಯೊಂದು ಇಟ್ಟದ್ದು. ಒಂಬತ್ತು ವರ್ಷಗಳ ಬಳಿಕ, 1985ರಲ್ಲಿ, ಇನ್ನಿಬ್ಬರು ಅಧ್ಯಾಪಕರೊಡನೆ ಸೇರಿ ಅವರು ಪಠ್ಯಪುಸ್ತಕ ಹೊರತಂದರು. ಒಬ್ಬಂಟಿ ಸಂದೇಹ ಒಂದು ಶಾಸ್ತ್ರವಾದದ್ದು ಕೇಳುವ ಕಿವಿಗಳಿದ್ದುದರಿಂದ. ಇಂದಿಗೂ ಅಲ್ಲಿನ ಈ ವಿಷಯದ ಅಧ್ಯಾಪಕರು ವರ್ಷಕ್ಕೊಮ್ಮೆ ಸೇರಿ, ಪೂರ್ತಿಯಾಗದ, ಅರ್ಧ ಬರೆದ ಪ್ರಬಂಧಗಳನ್ನೇ ಓದುತ್ತಾರೆ. ಕಿರಿಯರ ಕರಡನ್ನು ಹಿರಿಯರು ತಿದ್ದುತ್ತಾರೆ. ಅರ್ಧ ಬರೆದುದನ್ನು ನಾಚದೆ ತೋರಿಸಬಹುದಾದ ಒಂದು ಸ್ಥಳ! ನಮ್ಮಲ್ಲಿ ಅಂತಹುದು ಎಲ್ಲಿದೆ?

ನಮ್ಮಲ್ಲಿಯೂ ಪರಂಪರೆಯೇ ಇರಲಿಲ್ಲವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಕಾನೂನು ಶಿಕ್ಷಣವನ್ನು ಪುಸ್ತಕದಿಂದ ಬಿಡಿಸಿ ಬೀದಿಗೆ, ಕಾನೂನು ನೆರವಿನ ಕೋಣೆಗೆ ತಂದವರು. ಅವರು ಎಲ್‌ಎಲ್‌ಎಂ ಮತ್ತು ಡಾಕ್ಟರೇಟ್ ಪಡೆದುದು ಅಲಿಘರ್ ಮುಸ್ಲಿಂ ವಿಶ್ವವಿದ್ಯಾಲಯದಿಂದ ಎಂಬುದನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಅಧ್ಯಾಪಕರನ್ನು ರೂಪಿಸುವ ಕೆಲಸವನ್ನು ಬಿಡಲಿಲ್ಲ. ಅಂತಹವರ ಕೈಕೆಳಗೆ ಬೆಳೆದವರು ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಇದ್ದಾರೆ. ಜಿಲ್ಲಾ ಕೇಂದ್ರದ, ತಾಲೂಕಿನ ಕಾಲೇಜಿನಲ್ಲಿ, ಕನ್ನಡದಲ್ಲಿ ಉತ್ತರ ಬರೆಯುವ ಹುಡುಗರ ಮುಂದೆ ನಿಂತ ಅಧ್ಯಾಪಕಿಗೆ ಆ ನೆರಳು ತಲಪುವುದಿಲ್ಲ.

ಮಾರ್ಗದರ್ಶನ ಎಂದೊಡನೆ ನಮ್ಮವರಿಗೆ ನೆನಪಾಗುವುದು ಒಂದು ದಿನದ ಕಾರ್ಯಾಗಾರ. ಉದ್ಘಾಟನೆ, ಶಾಲು, ಸ್ಮರಣಿಕೆ, ಸಾಮೂಹಿಕ ಭಾವಚಿತ್ರ, ಊಟ, ಪ್ರಮಾಣಪತ್ರ. ನಾವು ಹೇಳುತ್ತಿರುವುದು ಇದಲ್ಲ. ಒಬ್ಬ ನಿವೃತ್ತ ನ್ಯಾಯಾಧೀಶರು ಅಥವಾ ಹಿರಿಯ ಮಧ್ಯಸ್ಥರು ಇಬ್ಬರು ಯುವ ಅಧ್ಯಾಪಕರನ್ನು ಆರಿಸಿಕೊಂಡು, ಎರಡು ವರ್ಷ, ತಿಂಗಳಿಗೆ ಎರಡು ಸಂಜೆ ಅವರೊಡನೆ ಕುಳಿತುಕೊಳ್ಳುವುದು. ಹೆಸರು ಊರು ಮರೆಸಿ ಹಳೆಯ ಪ್ರಕರಣಗಳನ್ನು ಹೇಳುವುದು. ಅವರು ತರಗತಿಗೆ ಸಿದ್ಧಪಡಿಸಿದ ಅಣಕು ಸಂಧಾನವನ್ನು ಓದಿ, ‘ಅತ್ತೆ ಹೀಗೆ ಮಾತನಾಡುವುದಿಲ್ಲಮ್ಮ’ ಎಂದು ತಿದ್ದುವುದು. ಎರಡೂ ಕಡೆಯವರು ಒಪ್ಪಿದಲ್ಲಿ, ಗೋಪ್ಯತೆಯ ಮಾತುಕೊಟ್ಟು ಒಂದು ಮೂಲೆಯಲ್ಲಿ ಕುಳಿತು ನೋಡಲು ಅವಕಾಶ ದೊರಕಿಸುವುದು. ಆಕೆ ಬರೆದ ಲೇಖನವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುವುದು.

ಕೊನೆಯದನ್ನು ಲಘುವಾಗಿ ಕಾಣಬಾರದು. ನೌಕರಿಗೂ ಬಡ್ತಿಗೂ ಪ್ರಕಟಿತ ಲೇಖನಗಳು ಬೇಕೆಂಬ ಒತ್ತಡದಲ್ಲಿ, ಹಣ ಪಡೆದು ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಬಲೆಗೆ ಯುವ ಅಧ್ಯಾಪಕರು ಬೀಳುತ್ತಿದ್ದಾರೆ. ಅತಿಥಿ ಉಪನ್ಯಾಸಕರ ಅಲ್ಪ ಸಂಬಳದಿಂದ ಆ ಹಣ ಹೋಗುತ್ತದೆ. ಯುಜಿಸಿ ಒಂದು ಕಾಲದಲ್ಲಿ ಒಳ್ಳೆಯ ಪತ್ರಿಕೆಗಳ ಪಟ್ಟಿಯನ್ನು ಇಟ್ಟಿತ್ತು, 2025ರಲ್ಲಿ ಅದನ್ನು ಕೈಬಿಟ್ಟು ಆಯ್ಕೆಯ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟಿತು. ಯಾವುದು ಪತ್ರಿಕೆ, ಯಾವುದು ಅಂಗಡಿ ಎಂದು ಹೇಳುವ ಹಿರಿಯರೊಬ್ಬರು ಈಗಂತೂ ಅಗತ್ಯವಾಗಿ ಬೇಕು.

ಇದೆಲ್ಲ ಕಾನೂನು ಕಾಲೇಜುಗಳ ಸಮಸ್ಯೆ, ಒಂದು ಸಮುದಾಯದ ವಾರಪತ್ರಿಕೆಗೇಕೆ ಈ ಚಿಂತೆ ಎನ್ನುವವರಿರಬಹುದು. ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ದಂಪತಿಯ ಜಗಳ ಊರಿನ ಜಮಾಅತ್ ಕಮಿಟಿಗೆ ಬಂದಾಗ, ಕುಳಿತು ಮಾತನಾಡಿದವರಲ್ಲಿ ನಾವೂ ಇದ್ದೆವು. ಮಗ್ರಿಬ್‌ನಿಂದ ಇಶಾದ ವರೆಗೆ ಚರ್ಚೆ ನಡೆಯಿತು. ಹುಡುಗ ಬಹಳ ಮಾತನಾಡಿದ. ಎರಡೂ ಮನೆಯ ಹಿರಿಯರು ಮಾತನಾಡಿದರು. ಹುಡುಗಿ ತಂದೆಯ ಹಿಂದೆ ಕುಳಿತು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಕಾಗದ ಬರೆದು ಸಹಿ ಹಾಕಿಸಿದೆವು. ಒಂದು ಮನೆಯನ್ನು ಉಳಿಸಿದೆವೆಂಬ ತೃಪ್ತಿಯಿಂದ ಎದ್ದೆವು. ಆರು ತಿಂಗಳೊಳಗೆ ಆಕೆ ತವರಿಗೆ ಮರಳಿದಳು. ಗಂಡನ ಮನೆಯಲ್ಲಿ ಆಕೆಗೆ ಹೊಡೆತ ಬೀಳುತ್ತಿತ್ತೆಂಬುದು ನಮಗೆ ತಿಳಿದುದು ಆಗ.

ಈ ಕಥೆಯನ್ನು ನಾವು ಆ ಯುವ ಅಧ್ಯಾಪಕಿಗೆ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: “ಹುಡುಗಿಯನ್ನು ಒಬ್ಬಳೇ ಇದ್ದಾಗ ಯಾರಾದರೂ ಮಾತನಾಡಿಸಿದಿರಾ ಸರ್?”

ಇಲ್ಲ, ನಮ್ಮಲ್ಲಿ ಯಾರೂ ಮಾತನಾಡಿಸಿರಲಿಲ್ಲ. ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಕಂಡು ಮಾತನಾಡಿಸುವುದು ಮಧ್ಯಸ್ಥಿಕೆಯ ಮೊದಲ ಪಾಠಗಳಲ್ಲೊಂದು ಎಂದು ನಮಗೆ ಆಗ ಗೊತ್ತಿರಲಿಲ್ಲ. ಹೊಡೆತವಿರುವ ಮನೆಗೆ ರಾಜಿಯೇ ತಕ್ಕ ದಾರಿಯೋ ಎಂದು ಮೊದಲು ಪರೀಕ್ಷಿಸಬೇಕೆಂಬುದೂ ಗೊತ್ತಿರಲಿಲ್ಲ. ಒಂದೂ ಮಧ್ಯಸ್ಥಿಕೆಯನ್ನು ಕಾಣದ ಆ ಯುವತಿಗೆ ಗೊತ್ತಿತ್ತು. ಹಿರಿಯರು ಕಿರಿಯರಿಗೆ ಕೊಡಬೇಕಾದುದು ಇರುವಂತೆ ಕಿರಿಯರಿಂದ ಪಡೆಯಬೇಕಾದುದೂ ಇದೆ ಎಂದು ನಮಗೆ ಮನವರಿಕೆಯಾದುದು ಆ ಸಂಜೆ.

ದಂಪತಿಗಳ ನಡುವೆ ಬಿರುಕು ಕಂಡಾಗ ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 35ನೇ ಸೂಕ್ತದಲ್ಲಿ ಆದೇಶಿಸಿದೆ. ಹೆಂಡತಿಗೂ ಅವಳದೇ ಕಡೆಯ ದನಿ ಇರಬೇಕೆಂಬ ಈ ಎಚ್ಚರವನ್ನು ನಾವು ನಮ್ಮ ಕಮಿಟಿಗಳಲ್ಲಿ ಎಷ್ಟು ಪಾಲಿಸಿದ್ದೇವೆ? 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಲಾಕ್‌ಗೆ ನ್ಯಾಯವಾದ ಕಾರಣವಿರಬೇಕು, ಅದಕ್ಕೆ ಮುನ್ನ ಇಬ್ಬರು ಮಧ್ಯಸ್ಥರ ಮೂಲಕ ಸಂಧಾನದ ಯತ್ನ ನಡೆದಿರಬೇಕು ಎಂದಿತು. ಅದಕ್ಕೆ ಆಧಾರವಾಗಿ ಒದಗಿದ್ದು ಗುವಾಹಟಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಬಹರುಲ್ ಇಸ್ಲಾಂ ಬರೆದಿದ್ದ ತೀರ್ಪು. ಕುರ್‌ಆನನ್ನೂ ಕಾನೂನನ್ನೂ ಒಟ್ಟಿಗೆ ಓದಬಲ್ಲ ಒಬ್ಬ ವ್ಯಕ್ತಿ ಇದ್ದುದರಿಂದ ಆದ ಲಾಭವಿದು. 2014ರಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಫತ್ವಾಗಳಿಗೆ ಕಾನೂನಿನ ಬಲವಿಲ್ಲ, ಒಪ್ಪದವರ ಮೇಲೆ ಹೇರುವಂತಿಲ್ಲ ಎಂದು ಹೇಳಿತು. ಅಂದು ನಮ್ಮಲ್ಲಿ ಕೆಲವರು ಕೆರಳಿದರು, ಇನ್ನು ಕೆಲವರು ಹೆದರಿದರು. ಒಪ್ಪಿಗೆಯಿಂದ ನಡೆಯುವ ಸಂಧಾನಕ್ಕೂ ತೀರ್ಪು ಕೊಡುವ ಅಧಿಕಾರಕ್ಕೂ ಇರುವ ವ್ಯತ್ಯಾಸವನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಅಧ್ಯಾಪಕರು ಪ್ರತಿ ಜಿಲ್ಲೆಯಲ್ಲಿ ಇಬ್ಬರಿದ್ದಿದ್ದರೆ ಆ ಗದ್ದಲದ ಅರ್ಧ ಪಾಲು ಇರುತ್ತಿರಲಿಲ್ಲ.

2023ರ ಕಾಯ್ದೆಯಲ್ಲಿ ಸಾಮುದಾಯಿಕ ಮಧ್ಯಸ್ಥಿಕೆ ಎಂಬ ಒಂದು ಅಧ್ಯಾಯವಿದೆ. ಒಂದು ಪ್ರದೇಶದ ಶಾಂತಿ ಸೌಹಾರ್ದಗಳನ್ನು ಕೆಡಿಸಬಹುದಾದ ಜಗಳಗಳನ್ನು ಮೂವರು ಮಧ್ಯಸ್ಥರ ಮುಂದಿಡಲು ಅದು ಅವಕಾಶ ಕೊಡುತ್ತದೆ. ಅಲ್ಲಿ ಆದ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿಲ್ಲ. ಅದು ನಿಲ್ಲುವುದು ಮಾತಿನ ಬಲದ ಮೇಲೆ ಮಾತ್ರ. ಮೆರವಣಿಗೆಯ ದಾರಿ, ಧ್ವನಿವರ್ಧಕ, ಸ್ಮಶಾನದ ಗಡಿ ಎಂದು ಸಣ್ಣ ಕಿಡಿಗಳು ರಾಜಕಾರಣಿಗಳ ಕೈಗೆ ಸಿಕ್ಕಿ ಬೆಂಕಿಯಾಗುವ ಈ ನಾಡಿನಲ್ಲಿ ಆ ಅಧ್ಯಾಯ ಕಾಗದದಲ್ಲಿ ಉಳಿದರೆ ನಷ್ಟ ಯಾರಿಗೆ? ಮೂವರನ್ನು ಹುಡುಕುವಾಗ ನಮ್ಮ ಸಮುದಾಯದಿಂದ ಈ ವಿದ್ಯೆ ಬಲ್ಲ ಒಬ್ಬರ ಹೆಸರನ್ನು ಹೇಳಲು ನಾವು ಸಿದ್ಧರಿದ್ದೇವೆಯೇ?

ಹೆಸರು ಹೇಳಬೇಕಾದರೆ ಜನ ಬೇಕು. ನಮ್ಮ ಮಕ್ಕಳು ಕಾನೂನು ಓದುತ್ತಿದ್ದಾರೆ, ಹೆಣ್ಣುಮಕ್ಕಳಂತೂ ಹಿಂದೆಂದಿಗಿಂತ ಹೆಚ್ಚಾಗಿ ಓದುತ್ತಿದ್ದಾರೆ. ಆದರೆ ಕರಿಕೋಟು ಧರಿಸಿದರೆ ಹೆಮ್ಮೆಪಡುವ ಮನೆಯವರೇ ಅಧ್ಯಾಪನ ಎಂದೊಡನೆ ‘ಅಷ್ಟು ಓದಿ ಮೇಷ್ಟ್ರಾಗುವುದೇ’ ಎನ್ನುತ್ತಾರೆ. ಹೆಣ್ಣುಮಗಳಾದರೆ ಮದುವೆಯ ವರೆಗೆ ಕಾಲ ಕಳೆಯಲೊಂದು ಸಭ್ಯ ಕೆಲಸ ಎಂದುಕೊಳ್ಳುತ್ತಾರೆ. ಸಂಜೆ ಐದರ ಬಳಿಕ ಹಿರಿಯ ವಕೀಲರ ಕಚೇರಿಗೆ ಹೋಗಿ ಬರುತ್ತೇನೆಂದರೆ ಮನೆಯಲ್ಲಿ ಹತ್ತು ಪ್ರಶ್ನೆಗಳು. ಆ ಪ್ರಶ್ನೆಗಳಲ್ಲಿ ಕೆಲವು ನ್ಯಾಯವಾದವೇ ಇರಬಹುದು. ಆದರೆ ಅವುಗಳಿಗೆ ಉತ್ತರ ಹುಡುಕಬೇಕೇ ಹೊರತು ಬಾಗಿಲು ಮುಚ್ಚಬಾರದು. ಕಾಲೇಜಿನ ಗ್ರಂಥಾಲಯ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ, ಹಿರಿಯರ ಮನೆಯ ಜಗಲಿ, ಇಬ್ಬರು ಮೂವರು ಒಟ್ಟಿಗೆ ಹೋಗಬಹುದಾದ ಜಾಗಗಳು ಪ್ರತಿ ಊರಿನಲ್ಲಿವೆ. ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕೇಂದ್ರಗಳನ್ನು ಬೆಳೆಸುವುದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ವಹಿಸಿದ ಕೆಲಸ. ಕೇಳುವ ಹಕ್ಕು ಅಧ್ಯಾಪಕರಿಗೆ ಇದೆ.

ಜಮಾಅತ್ ಕಮಿಟಿಗಳೂ ಒಂದು ಹೆಜ್ಜೆ ಇಡಬಹುದು. ಕುಟುಂಬದ ಜಗಳಗಳಿಗೆ ಕೂರುವಾಗ ಊರಿನ ಯುವ ಕಾನೂನು ಅಧ್ಯಾಪಕರೊಬ್ಬರನ್ನು, ಸಾಧ್ಯವಿದ್ದಲ್ಲಿ ಅಧ್ಯಾಪಕಿಯನ್ನು, ಎರಡೂ ಕಡೆಯವರ ಒಪ್ಪಿಗೆ ಪಡೆದು ಜೊತೆಗೆ ಕೂರಿಸಿಕೊಳ್ಳಲಿ. ಅವರಿಗೆ ಕಾಣದ್ದು ಕಾಣಸಿಗುತ್ತದೆ, ಕಮಿಟಿಗೆ ತಿಳಿಯದ್ದು ತಿಳಿಯುತ್ತದೆ. ನುಬುವ್ವತ್‌ಗೆ ಮುಂಚೆ, ಕಅಬಾದ ಕಪ್ಪು ಶಿಲೆಯನ್ನು ಯಾರು ಇಡಬೇಕೆಂದು ಕುರೈಶ್ ಗೋತ್ರಗಳು ಕತ್ತಿ ಹಿರಿಯುವ ಹಂತಕ್ಕೆ ಬಂದಾಗ, ಮುಹಮ್ಮದ್(ಸ) ಅದನ್ನು ಬಟ್ಟೆಯ ಮೇಲಿರಿಸಿ ಗೋತ್ರಗಳ ಮುಖಂಡರಿಂದ ಅಂಚು ಹಿಡಿಸಿ ಎತ್ತಿಸಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅದನ್ನೇ ಅಣಕು ಸಂಧಾನವಾಗಿ ತರಗತಿಯಲ್ಲಿ ಮಾಡಿಸಿದೆ ಎಂದು ನಮ್ಮ ಯುವತಿ ಹೇಳಿದರು. ನಾಲ್ಕು ಗುಂಪುಗಳಲ್ಲಿ ಒಂದೇ ಒಂದು ಗುಂಪಿಗೆ ಆ ಪರಿಹಾರ ಹೊಳೆಯಿತಂತೆ, ಅದರಲ್ಲಿ ಒಬ್ಬನೂ ಮುಸ್ಲಿಮನಿರಲಿಲ್ಲ!

ಈ ನಡುವೆ ನಮಗೆ ಪರಿಚಯದ ನಿವೃತ್ತ ನ್ಯಾಯಾಧೀಶರೊಬ್ಬರೊಡನೆ ಆಕೆಯ ವಿಷಯ ಪ್ರಸ್ತಾಪಿಸಿದೆವು. ‘ಇಷ್ಟು ವರ್ಷಗಳಲ್ಲಿ ಯಾರೂ ಬಂದು ಕೇಳಿಲ್ಲ’ ಎಂದರು ಅವರು. ಈಗ ತಿಂಗಳಿಗೆ ಎರಡು ಶನಿವಾರ ಆಕೆಯೂ ಆಕೆಯ ಸಹೋದ್ಯೋಗಿಯೊಬ್ಬರೂ ಅವರ ಮನೆಗೆ ಹೋಗಿಬರುತ್ತಾರೆ. ಮೊದಲ ದಿನ ತಂದೆಯೇ ಸ್ಕೂಟರಿನಲ್ಲಿ ಬಿಟ್ಟುಬಂದರು. ಅಂದು ಆಕೆ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯನ್ನು ನ್ಯಾಯಾಧೀಶರ ಮುಂದಿಟ್ಟರು. ಗಂಡ ಎದ್ದು ಹೊರಟರೆ ಏನು ಮಾಡಬೇಕು?

“ತಡೆಯಬೇಡಮ್ಮ. ನಾನೂ ಅವನ ಜೊತೆ ಹೊರಗೆ ಹೋಗಿ ಜಗಲಿಯಲ್ಲಿ ನಿಲ್ಲುತ್ತಿದ್ದೆ. ಹೆಚ್ಚಿನವರು ಗೇಟಿನ ವರೆಗೆ ಹೋಗುವುದಿಲ್ಲ. ಆದರೆ ಹೊರಡುವ ಮೊದಲು ಒಳಗಿರುವಾಕೆಗೆ, ಅವರನ್ನು ಕಂಡು ಹತ್ತು ನಿಮಿಷದಲ್ಲಿ ಬರುತ್ತೇನೆ, ಆಮೇಲೆ ನಿಮ್ಮೊಡನೆಯೂ ಹತ್ತು ನಿಮಿಷ ಮಾತನಾಡುತ್ತೇನೆ ಎಂದು ಹೇಳಿ ಹೋಗಬೇಕು. ಅದನ್ನು ಮರೆತರೆ ನೀನು ಅವನನ್ನು ಕರೆತರುವಾಗ ಆಕೆ ಇರುವುದಿಲ್ಲ. ನಾನು ಒಮ್ಮೆ ಮರೆತಿದ್ದೆ.”

ಸೋಮವಾರದ ತರಗತಿಗೆ ಆಕೆ ಕೊಂಡೊಯ್ದದ್ದು ಆ ಮಾತನ್ನು. ಹುಡುಗ ಅದನ್ನು ಬರೆದುಕೊಂಡು, ಅವರು ಮರೆತ ಆ ದಿನ ಮುಂದೇನಾಯಿತು ಎಂದು ಕೇಳಿದನಂತೆ.